ಮಹಾವೀರಾಚಾರ್ಯರ ಸಂಖ್ಯಾಹಾರ

ಇವತ್ತಿನ ಮಾತೆಲ್ಲ ಒಂದೇ ಸಂಖ್ಯೆಯ ಸುತ್ತ: 12345654321. ನಮ್ಮ ಲೆಕ್ಕದಲ್ಲಿ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ, ಐವತ್ತಾರು ಲಕ್ಷ, ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಎಡದಿಂದ ಓದಿ, ಬಲದಿಂದ ಓದಿ, ಎರಡೂ ಒಂದೇ.

ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಳ್ವಿಕೆಯಲ್ಲಿ, ಅಂದರೆ ‘ಕವಿರಾಜಮಾರ್ಗ’ದ ಕಾಲದಲ್ಲೇ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದರು. (ತೀರ್ಥಂಕರ ಮಹಾವೀರರಲ್ಲ, ಇವರು ಬೇರೆ.) ಅದರ ಗುಣಾಕಾರದ ಲೆಕ್ಕಗಳಲ್ಲಿ ಒಂದು ಹೀಗಿದೆ: 27994681ನ್ನು 441ರಿಂದ ಗುಣಿಸು. ಶಿಷ್ಯ ಬೆವರು ಸುರಿಸಿ ಗುಣಿಸಿದರೆ ನಮ್ಮ ಸಂಖ್ಯೆ ಬರುತ್ತದೆ. ಒಂದು ಅಂಕಿ ತಪ್ಪಿದರೂ ಸಾಲು ಕೆಡುತ್ತದೆ. ಗುರುವಿನ ಬಳಿ ಓಡಿಹೋಗಿ ಸರಿಯೇ ಎಂದು ಕೇಳಬೇಕಿಲ್ಲ. ಇಂಥ ಕೆಲವು ಗುಣಲಬ್ಧಗಳನ್ನು ಅವರು ಕೊರಳ ಹಾರವೆಂದೇ ಕರೆದಿದ್ದಾರೆ.

ಬರೀ ಅಲಂಕಾರವೇ? ಬಿಚ್ಚಿ ನೋಡೋಣ. ನಮ್ಮ ಸಂಖ್ಯೆ 111111ರ ವರ್ಗ. ಆರು ಒಂದುಗಳನ್ನು ಆರು ಒಂದುಗಳಿಂದ ಗುಣಿಸುವಾಗ ಪ್ರತಿ ಸಾಲೂ ಒಂದೊಂದು ಸ್ಥಾನ ಎಡಕ್ಕೆ ಸರಿಯುತ್ತದೆ. ನಡುವಿನ ಕಂಬದಲ್ಲಿ ಆರು ಒಂದುಗಳು ಸೇರುತ್ತವೆ, ಅತ್ತಿತ್ತ ಐದು, ನಾಲ್ಕು, ಹೀಗೆ ಇಳಿಯುತ್ತವೆ. ದಶಕ ದಾಟಿಸುವ ಪ್ರಸಂಗವೇ ಇಲ್ಲ. ಒಂಬತ್ತು ಒಂದುಗಳವರೆಗೂ ಈ ಚೆಲುವು ಉಳಿಯುತ್ತದೆ. ಹತ್ತನೆಯದಕ್ಕೆ ದಶಕ ಬಂದು ಕೂರುತ್ತದೆ, ವರ್ಗ 1234567900987654321 ಆಗುತ್ತದೆ; ಏರುವ ಸಾಲಿನಲ್ಲಿ ಎಂಟು ಕಾಣೆ!

ಇನ್ನು 111111 ಎಂದರೆ 111 ಗುಣಿಸು 1001. ಮೊದಲನೆಯದು 3 ಮತ್ತು 37ರ ಗುಣಲಬ್ಧ, ಎರಡನೆಯದು 7, 11, 13ರದು. ಈ ಐದು ಅವಿಭಾಜ್ಯಗಳಲ್ಲಿ 3 ಮತ್ತು 7ನ್ನು ಒಂದು ಕಡೆ ಇಟ್ಟರೆ 21, ಅದರ ವರ್ಗ 441. ಉಳಿದ ಮೂರರ ಗುಣಲಬ್ಧ 5291, ಅದರ ವರ್ಗವೇ 27994681. ಹೀಗೆ ಲೆಕ್ಕದ ಎರಡು ಸಂಖ್ಯೆಗಳೂ ಪೂರ್ಣ ವರ್ಗಗಳು. 111111ನ್ನು ಅದರಿಂದಲೇ ಗುಣಿಸು ಎಂದಿದ್ದರೆ ಗುಟ್ಟು ಬಯಲಾಗುತ್ತಿತ್ತು. ಒಡೆದು, ಬೇರೆ ಬೇರೆ ಕಟ್ಟಿ ಕೊಟ್ಟದ್ದರಲ್ಲಿ ಆಚಾರ್ಯರ ತುಂಟತನವಿದೆ ಎಂದೇ ನನ್ನ ಅನಿಸಿಕೆ. ಅಂದಹಾಗೆ, ಐದು ಅವಿಭಾಜ್ಯಗಳೂ ಎರಡೆರಡು ಸಲ ಬರುವುದರಿಂದ ಈ ಸಂಖ್ಯೆಗೆ ಒಟ್ಟು 243 ಭಾಜಕಗಳು.

ಅದೇ ಗುಂಪಿನ ಇನ್ನೊಂದು ಲೆಕ್ಕ ನನಗೆ ಇದಕ್ಕಿಂತಲೂ ಇಷ್ಟ: 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. ಎಂಟು ಒಂದುಗಳೆಂದರೆ 1111 ಗುಣಿಸು 10001. 1111ರಲ್ಲಿ 11 ಇರುವುದು ಕಣ್ಣಿಗೇ ಕಾಣುತ್ತದೆ, ಉಳಿಯುವುದು 101. ಆದರೆ 10001 ಸುಲಭಕ್ಕೆ ಬಗ್ಗುವುದಿಲ್ಲ. ಮನೆಗೆ ಹೋಗಿ ಕಾಗದ ಹಿಡಿದು ಎರಡರಿಂದ ಶುರುಮಾಡಿ ಭಾಗಿಸುತ್ತ ಹೋಗಿ. ಎಪ್ಪತ್ತೆರಡು ಮುಗಿಯುವವರೆಗೂ ಶೇಷ ಉಳಿಯುತ್ತಲೇ ಇರುತ್ತದೆ. ಎಪ್ಪತ್ತಮೂರಕ್ಕೆ ಸರಿಯಾಗಿ 137 ಬರುತ್ತದೆ.