ದಿನಕ್ಕೊಬ್ಬ ರೋಗಿ, ದಿನಕ್ಕೊಂದು ಪುಟ



"ಮಗಳು ಮೆಡಿಕಲ್ ಮೂರನೇ ವರ್ಷಕ್ಕೆ ಬಂದಳು. ಕೈಯಲ್ಲಿ ದಪ್ಪ ಪುಸ್ತಕವೇ ಕಾಣುವುದಿಲ್ಲ, ಸದಾ ಫೋನು. ಓದುತ್ತಾಳೋ ಇಲ್ಲವೋ?" ಎಂದು ತಂದೆ ತಾಯಂದಿರು ವೈದ್ಯರಾದ ನಮ್ಮನ್ನು ಕೇಳುವುದುಂಟು. ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಅಮೆರಿಕದಲ್ಲಿ ರೆಸಿಡೆನ್ಸಿ ಮಾಡಿದ ನಾವು ಎರಡೂ ಬಗೆಯ ಓದನ್ನು ಕಂಡವರು. ಆದ್ದರಿಂದ ಈ ನಾಲ್ಕು ಮಾತು.

ವಾರ್ಡಿನಲ್ಲಿ ರೋಗಿಯನ್ನು ಪರೀಕ್ಷಿಸುವ ಕ್ರಮವನ್ನು ನಮಗೆ ಕಲಿಸಿದ್ದು 1897ರಲ್ಲಿ ಮೊದಲು ಅಚ್ಚಾದ ಹಚಿಸನ್ನರ 'ಕ್ಲಿನಿಕಲ್ ಮೆಥಡ್ಸ್'. ರೋಗಗಳ ವಿವರಕ್ಕೆ 1950ರಲ್ಲಿ ಹುಟ್ಟಿದ 'ಹ್ಯಾರಿಸನ್'. ಅದು ದಿಂಬಿನಷ್ಟು ದಪ್ಪ. ಕೆಲವು ರಾತ್ರಿ ನಮಗೆ ದಿಂಬೇ ಆದದ್ದೂ ಉಂಟು! ಇಲ್ಲಿಗೆ ಬಂದ ಮೇಲೆ, 1992ರಲ್ಲಿ ಆರಂಭವಾದ 'ಅಪ್‌ಟುಡೇಟ್' ಕಂಪ್ಯೂಟರಿನಲ್ಲೇ ಸಿಕ್ಕಿತು. ಫೋನಿನಲ್ಲಿ ಓದಿದರೂ ಓದು ಓದೇ.

ನಮ್ಮ ಚಿಂತೆ ಬೇರೆ. ಪರೀಕ್ಷೆಯ ಪ್ರಶ್ನೆಗಳ ಕೆಳಗೆ ನಾಲ್ಕೈದು ಉತ್ತರಗಳಿರುತ್ತವೆ. ರೋಗಿ ಹಾಗೆ ಪಟ್ಟಿ ಹಿಡಿದು ಬರುವುದಿಲ್ಲ. ಅಜ್ಜಿ "ಕಾಲು ಊದಿದೆ ಕಣಮ್ಮ" ಎನ್ನುತ್ತಾರೆ, ಅಷ್ಟೆ. ಹೃದಯ, ಮೂತ್ರಪಿಂಡ, ಯಕೃತ್ತು ಪುಸ್ತಕದಲ್ಲಿ ಬೇರೆ ಬೇರೆ ಅಧ್ಯಾಯಗಳು. ಅವನ್ನೆಲ್ಲ ತಿರುವಿದವಳಿಗೆ, ರಕ್ತದೊತ್ತಡದ ಅಮ್ಲೊಡಿಪಿನ್ ಮಾತ್ರೆಯಿಂದಲೂ ಕಾಲು ಊದಬಹುದೆಂದು ತಿಳಿಯುತ್ತದೆ. ಮರುದಿನ "ಅಜ್ಜಿ, ಹೊಸ ಮಾತ್ರೆ ಯಾವಾಗ ಶುರುವಾಯಿತು?" ಎಂದು ಕೇಳುತ್ತಾಳೆ. ಓದದವರು ನೀರಿಳಿಸಲು ಒಂದು ಮಾತ್ರೆ, ಅದರಿಂದ ಪೊಟ್ಯಾಸಿಯಂ ಇಳಿದರೆ ಮತ್ತೊಂದು ಮಾತ್ರೆ ಬರೆಯುತ್ತಾರೆ. ಊರಿನಿಂದ ಚೀಲದ ತುಂಬ ಮಾತ್ರೆ ತರುವ ನಮ್ಮ ಹಿರಿಯರಿಗೆ ಇದು ದೂರದ ಮಾತಲ್ಲ. ಅಲ್ಲಿನ ಕಂಪನಿ ಹೆಸರುಗಳು ಇಲ್ಲಿ ಬಹುಮಂದಿಗೆ ಗೊತ್ತಿರುವುದಿಲ್ಲ. ಒಳಗಿರುವ ಔಷಧ ಯಾವುದೆಂದು ಹುಡುಕಿ ಓದುವ ಒಬ್ಬ ವಿದ್ಯಾರ್ಥಿಯಿದ್ದರೂ ದೊಡ್ಡ ಉಪಕಾರ.

ವಿದ್ಯಾರ್ಥಿ ಮಿತ್ರರೇ, ದಿನಕ್ಕೊಬ್ಬ ರೋಗಿ, ಒಂದು ಪ್ರಶ್ನೆ, ಅರ್ಧ ಗಂಟೆ ಓದು. ಬೆಳಿಗ್ಗೆ ಅದೇ ರೋಗಿಯ ಬಳಿ ಮತ್ತೆ ಹೋಗಿ. ಕಂಪ್ಯೂಟರು ಕೇಳಿದ್ದಕ್ಕೆ ಉತ್ತರ ಕೊಡುತ್ತದೆ. ಕೇಳಲು ಬಿಟ್ಟದ್ದು ಹೊಳೆಯುವುದು ಹಾಸಿಗೆಯ ಪಕ್ಕ ಕುಳಿತಾಗ.

ಕಥೆ ಕಾದಂಬರಿಗಳನ್ನೂ ಬಿಡಬೇಡಿ. ವಿಲಿಯಂ ಆಸ್ಲರ್ ವೈದ್ಯ ವಿದ್ಯಾರ್ಥಿಗಳ ತಲೆದೆಸೆಗೆಂದು ಸೂಚಿಸಿದ ಪುಸ್ತಕಗಳಲ್ಲಿ ಷೇಕ್ಸ್‌ಪಿಯರ್ ಇದ್ದ, 'ಡಾನ್ ಕ್ವಿಕ್ಸೋಟ್' ಇತ್ತು. ನಮ್ಮಲ್ಲೂ 1942ರಲ್ಲಿ 'ಕೊರವಂಜಿ' ಆರಂಭಿಸಿ ನಾಡನ್ನು ನಗಿಸಿದ 'ರಾಶಿ' ಅವರು ವೈದ್ಯರು. ಕಾದಂಬರಿಗಳ ಜೊತೆಗೆ 'ತಾಯಿ-ಮಗು' ಬರೆದ ಅನುಪಮಾ ನಿರಂಜನರೂ ವೈದ್ಯೆ. ಜನರ ಮಾತಿಗೆ ಕಿವಿಗೊಡುವುದನ್ನು ಕಲಿಸುವ ಓದೂ ವೈದ್ಯಕೀಯವೇ.

ಕೊನೆಗೆ ತಂದೆ ತಾಯಂದಿರಲ್ಲಿ ಒಂದು ವಿನಂತಿ. ಅಂಕ ಎಷ್ಟೆಂದು ಕೇಳಬೇಡಿ. ಇಲ್ಲಿನ ಲೈಸೆನ್ಸ್ ಪರೀಕ್ಷೆಯ ಮೊದಲ ಹಂತದಲ್ಲಿ 2022ರಿಂದ ಪಾಸು, ಫೇಲು ಎರಡೇ. ಊಟಕ್ಕೆ ಕುಳಿತಾಗ, "ಇವತ್ತು ನಿನ್ನ ರೋಗಿಯಿಂದ ಏನು ಕಲಿತೆ? ಹೆಸರು ಹೇಳಬೇಡ, ಕಲಿತದ್ದು ಹೇಳು" ಎನ್ನಿ. ಉತ್ತರ ಹೇಳಲಿಕ್ಕಾದರೂ ಅವರು ಅಂದು ಓದಿಯೇ ಬರುತ್ತಾರೆ.