ಹಟ ಮಾಡುವ ಮಗುವಿನೊಡನೆ ಕೂತು ಮಾತಾಡೋಣ

(ಸೊಕ್ಕೆಯಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ಮಗುವನ್ನು ಶಾಲೆಗೆ ಸೇರಿಸುವ ದಿನ ನಮ್ಮಲ್ಲಿ ಅನೇಕರು ಒಂದು ಮಾತು ಹೇಳಿ ಹೋಗುತ್ತಾರೆ: "ಚಮ್ಡಿ ತುಮ್ಹಾರಿ, ಹಡ್ಡಿ ಹಮಾರಿ." ಚರ್ಮ ನಿಮ್ಮದು, ಮೂಳೆ ಮಾತ್ರ ನಮಗೆ ಉಳಿಸಿ ಎಂದರ್ಥ. ಶಿಕ್ಷಕರ ಮೇಲಿನ ನಂಬಿಕೆಯಿಂದಲೇ ಹೇಳುತ್ತಾರೆ. ಕೆಲವು ವರ್ಷ ನಾನೂ ಆ ಮಾತನ್ನು ನಂಬಿದ್ದೆ.

ನನ್ನ ಐದನೇ ತರಗತಿಯಲ್ಲಿ ಒಬ್ಬ ಹುಡುಗನಿದ್ದ. ಮನೆಮಾತು ಉರ್ದು. ಲೆಕ್ಕದಲ್ಲಿ ಚುರುಕು. ಆದರೆ ಕನ್ನಡ ಉಕ್ತಲೇಖನ ಎಂದ ಕೂಡಲೇ ಪುಸ್ತಕ ಎಸೆಯುತ್ತಿದ್ದ, ಪಕ್ಕದವನನ್ನು ತಳ್ಳುತ್ತಿದ್ದ. ಬೈದೆ, ಬೆಂಚಿನ ಮೇಲೆ ನಿಲ್ಲಿಸಿದೆ. ಒಂದು ದಿನ ಹೊಡೆದೂಬಿಟ್ಟೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ನಿಷೇಧಿಸಿದೆ ಎಂದು ತಿಳಿದಿದ್ದೂ ಹೊಡೆದೆ. ಮರುದಿನದಿಂದ ಅವನು ಶಾಲೆಗೇ ಬರಲಿಲ್ಲ.

ನಾಲ್ಕನೇ ದಿನ ಅವನ ಮನೆಗೆ ಹೋದೆ. ತಾಯಿ ಈರುಳ್ಳಿ ಹೊಲಕ್ಕೆ ಕೂಲಿಗೆ ಹೋಗಿದ್ದರು. ಕಟ್ಟೆಯ ಮೇಲೆ ಅವನ ಪಕ್ಕ ಕೂತೆ. ಹೊಡೆದದ್ದು ತಪ್ಪಾಯಿತು ಎಂದೆ. "ಉಕ್ತಲೇಖನದ ಹೊತ್ತಿಗೆ ಏನಾಗುತ್ತದೆ ಬೇಟಾ?" ಎಂದು ಕೇಳಿದೆ. "ಕುಚ್ ನೈ ಟೀಚರ್" ಎಂದ. ಸುಮ್ಮನೆ ಕಾದೆ. ಬಹಳ ಹೊತ್ತಿನ ಮೇಲೆ, "ಬಾಜೂವಾಲಾ ಮೇರಿ ಕಾಪಿ ದೇಖ್‌ಕೋ ಸಬ್‌ಕು ಬೋಲ್ತಾ, ಸಬ್ ಹಂಸ್ತೆ" ಎಂದ. ಬೇಗ ತಿದ್ದಿ ಮುಗಿಯಲೆಂದು ನಾನೇ ಮಕ್ಕಳಿಂದ ಪುಸ್ತಕ ಅದಲುಬದಲು ಮಾಡಿಸುತ್ತಿದ್ದೆ. ಪಕ್ಕದವನು ಇವನ ತಪ್ಪುಗಳನ್ನು ಎಲ್ಲರಿಗೂ ಹೇಳುತ್ತಿದ್ದ, ತರಗತಿ ನಗುತ್ತಿತ್ತು. ಉರ್ದು ಬಲದಿಂದ ಎಡಕ್ಕೆ, ಕನ್ನಡ ಎಡದಿಂದ ಬಲಕ್ಕೆ. ಅದರ ಮೇಲೆ ಉರ್ದುವಿನಲ್ಲಿಲ್ಲದ ಒತ್ತಕ್ಷರ. ಅದು ನೆನಪಾಗುವಷ್ಟರಲ್ಲಿ ನಾನು ಮುಂದಿನ ಪದ ಹೇಳಿರುತ್ತಿದ್ದೆ. ಎರಡೂ ಭಾಷೆ ಕಲಿಸುವ ನನಗೇ ಇದು ಹೊಳೆದಿರಲಿಲ್ಲ.

ಅಮೆರಿಕದ ಮಕ್ಕಳ ಮನಶ್ಶಾಸ್ತ್ರಜ್ಞ ರಾಸ್ ಗ್ರೀನ್ 1998ರಲ್ಲಿ 'ದಿ ಎಕ್ಸ್‌ಪ್ಲೋಸಿವ್ ಚೈಲ್ಡ್' ಎಂಬ ಪುಸ್ತಕ ಬರೆದರು. ಮಗುವಿಗೆ ಸಾಧ್ಯವಾದರೆ ಅದು ಚೆನ್ನಾಗಿಯೇ ನಡೆದುಕೊಳ್ಳುತ್ತದೆ, ಆಗದಿದ್ದರೆ ಯಾವುದೋ ಕೌಶಲದ ಕೊರತೆಯಿದೆ ಎಂಬುದು ಅವರ ವಾದ. ಅವರು ಹೇಳುವ ಮೂರು ಹೆಜ್ಜೆಗಳನ್ನು ಮನೆಯಲ್ಲೂ ಶಾಲೆಯಲ್ಲೂ ಬಳಸಬಹುದು.

ಮೊದಲನೆಯದು, ಕೇಳುವುದು. ಸಿಟ್ಟಿನ ಹೊತ್ತಿನಲ್ಲಿ ಬೇಡ; ಮಗು ಶಾಂತವಾಗಿರುವಾಗ, ಯಾರೂ ಇಲ್ಲದ ಕಡೆ ಕೇಳಿ. "ಯಾಕೆ ಹೀಗೆ ಮಾಡ್ತೀಯ?" ಎನ್ನಬೇಡಿ. "ಈ ಕೆಲಸ ನಿನಗೆ ಕಷ್ಟ ಆಗೋ ಹಾಗೆ ಕಾಣ್ತದೆ, ಏನಾಗ್ತದೆ?" ಎನ್ನಿ. "ಗೊತ್ತಿಲ್ಲ" ಎಂದರೆ ಕಾಯಿರಿ.

ಎರಡನೆಯದು, ನಮ್ಮ ಚಿಂತೆಯನ್ನು ಹೇಳುವುದು. ನಾನು ಹೇಳಿದ್ದು ಇಷ್ಟೇ: "ಕನ್ನಡ ಬರೆಯಲು ಬಾರದಿದ್ದರೆ ಮುಂದೆ ನಿನಗೇ ಕಷ್ಟ. ತಳ್ಳಿದರೆ ಪಕ್ಕದವನಿಗೆ ಪೆಟ್ಟಾಗುತ್ತದೆ."

ಮೂರನೆಯದು, ಇಬ್ಬರೂ ಸೇರಿ ದಾರಿ ಹುಡುಕುವುದು. ಮೊದಲ ಅವಕಾಶ ಮಗುವಿಗೆ. "ಮೇರಿ ಕಾಪಿ ಆಪ್ ದೇಖೋ" ಎಂದ. ಅವನ ಪುಸ್ತಕ ನಾನೇ ತಿದ್ದುವುದು, ಹತ್ತು ಪದಗಳನ್ನು ಹಿಂದಿನ ದಿನವೇ ಕೊಡುವುದು, ಅವನು ಬರೆದು ಅಭ್ಯಾಸ ಮಾಡಿ ಬರುವುದು ಎಂದು ಒಪ್ಪಂದವಾಯಿತು.

ಎಲ್ಲವೂ ಒಂದೇ ದಿನಕ್ಕೆ ಸರಿಹೋಗಲಿಲ್ಲ. ಎರಡನೇ ವಾರ ಮತ್ತೆ ಪುಸ್ತಕ ಎಸೆದ. ಮತ್ತೆ ಕೂತೆವು. ಹತ್ತು ಪದ ಹೆಚ್ಚಾಗಿತ್ತು, ಐದಕ್ಕೆ ಇಳಿಸಿದೆವು. ವರ್ಷದ ಕೊನೆಗೂ ಅವನ ಒತ್ತಕ್ಷರ ತಪ್ಪುತ್ತಿತ್ತು, ಆದರೆ ಶಾಲೆ ತಪ್ಪಿಸಲಿಲ್ಲ. ಅದಲುಬದಲು ಮಾಡಿಸುವುದನ್ನು ನಾನು ಇಡೀ ತರಗತಿಗೇ ನಿಲ್ಲಿಸಿದೆ.

ಇದು ಮಗು ಹೇಳಿದಂತೆ ಕುಣಿಯುವುದಲ್ಲವೇ ಎಂದು ಕೆಲವರು ಕೇಳುತ್ತಾರೆ. ಉಕ್ತಲೇಖನ ನಿಲ್ಲಲಿಲ್ಲ, ಅದನ್ನು ಮಾಡುವ ಬಗೆ ಬದಲಾಯಿತು, ಅಷ್ಟೇ. ಆದರೆ ಮಗು ತನಗೋ ಇತರರಿಗೋ ಪೆಟ್ಟು ಮಾಡುತ್ತಿದ್ದರೆ ಮೊದಲು ತಡೆಯಿರಿ, ಮಾತು ಆಮೇಲೆ. ಕಣ್ಣು, ಕಿವಿ ಸರಿಯಿವೆಯೇ ಎಂದೂ ತೋರಿಸಿ.

ವಿದ್ಯಾರ್ಥಿಗಳೇ, ನಿಮ್ಮ ಕಷ್ಟವನ್ನು ಬಾಯಿಬಿಟ್ಟು ಹೇಳಿ, ಪಕ್ಕದವನ ತಪ್ಪಿಗೆ ನಗಬೇಡಿ. ಪೋಷಕರೇ, ಇನ್ನು ಮುಂದೆ ಮಗುವನ್ನು ಸೇರಿಸಲು ಬಂದಾಗ ಚರ್ಮ, ಮೂಳೆಯ ಮಾತು ಬೇಡ. ನಿಮ್ಮ ಮಗುವಿಗೆ ಯಾವುದು ಕಷ್ಟ ಎಂಬುದನ್ನು ನಮಗೆ ತಿಳಿಸಿ ಹೋಗಿ.