ವರ್ತಕನ ಪ್ರಾಮಾಣಿಕತೆ, ಪತ್ರಿಕೆಯ ಧರ್ಮ

(ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡದ ಕುಟುಂಬಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)



ನಮ್ಮ ಈ ನಾಲ್ಕು ತಾಲೂಕುಗಳಲ್ಲಿ ವ್ಯಾಪಾರವನ್ನೇ ನಂಬಿ ಬದುಕುವ ಕುಟುಂಬಗಳು ಅನೇಕ. ಶೇಂಗಾ, ಹುಣಸೆಯ ಧಾರಣೆಯ ಬಗ್ಗೆ ಒಂದು ಸುಳ್ಳು ಹಬ್ಬಿದರೆ ಎಷ್ಟು ಮನೆಗಳಿಗೆ ನಷ್ಟವೆಂದು ನಾವು ಬಲ್ಲೆವು. ಆದರೆ ಸಮುದಾಯದ ಬಗ್ಗೆಯೇ ಸುಳ್ಳು ಹಬ್ಬಿದಾಗ ಗೊಣಗಿ ಸುಮ್ಮನಾಗುತ್ತೇವೆ. ಸುಮ್ಮನಾಗದ ಒಬ್ಬ ವರ್ತಕನ ಜೀವನವನ್ನು ಇಂದು ಸ್ಮರಿಸೋಣ.

ಲಿಯೋಪೋಲ್ಡ್ ಸೊನ್ನೆಮಾನ್ 1831ರಲ್ಲಿ ಜರ್ಮನಿಯ ಬವೇರಿಯಾ ಪ್ರಾಂತದಲ್ಲಿ, ಬಟ್ಟೆಯ ಕಸುಬಿನ ಯಹೂದಿ ಕುಟುಂಬದಲ್ಲಿ ಜನಿಸಿದರು. ಯಹೂದಿಗಳಿಗೆ ಸಮಾನ ಪೌರಹಕ್ಕು ಇಲ್ಲದಿದ್ದ ಕಾಲವದು. ತಂದೆಯ ಉದ್ಯಮವನ್ನು ವಹಿಸಿಕೊಂಡ ಅವರು ಮುಂದೆ ಫ್ರಾಂಕ್‌ಫರ್ಟ್‌ನಲ್ಲಿ ಬ್ಯಾಂಕ್ ವ್ಯವಹಾರಕ್ಕಿಳಿದರು. 1856ರಲ್ಲಿ ಮತ್ತೊಬ್ಬರೊಡಗೂಡಿ ಮಾರುಕಟ್ಟೆಯ ವಿಶ್ವಾಸಾರ್ಹ ವರದಿ ನೀಡುವ ಪತ್ರಿಕೆಯೊಂದನ್ನು ಆರಂಭಿಸಿದರು. ಅದೇ ಬೆಳೆದು ‘ಫ್ರಾಂಕ್‌ಫರ್ಟರ್ ಝೈಟುಂಗ್’ ಆಯಿತು. ಧಾರಣೆಯಲ್ಲಿ ಸತ್ಯ ಬೇಕೆಂದವರು ರಾಜಕೀಯದಲ್ಲೂ ಸತ್ಯ ಬೇಕೆಂದರು.

1866ರಲ್ಲಿ ಪ್ರಶ್ಯದ ಸೇನೆ ನಗರವನ್ನು ವಶಪಡಿಸಿಕೊಂಡು ಪತ್ರಿಕೆಯನ್ನು ಮುಚ್ಚಿಸಿತು. ಸೊನ್ನೆಮಾನ್ ಸ್ಟುಟ್‌ಗಾರ್ಟ್‌ಗೆ ಹೋಗಿ ಅಲ್ಲಿಂದ ಪತ್ರಿಕೆ ಹೊರಡಿಸಿ, ಅದೇ ವರ್ಷ ಮರಳಿ ಬಂದರು. 1871ರಲ್ಲಿ ಸಂಸತ್ತಿಗೆ ಆಯ್ಕೆಯಾದರು. ಫ್ರಾನ್ಸಿನಿಂದ ಗೆದ್ದ ಅಲ್ಸಾಸ್-ಲೊರೇನ್ ಪ್ರದೇಶವನ್ನು ಅಲ್ಲಿಯ ಜನರ ಸಮ್ಮತಿಯಿಲ್ಲದೆ ಸೇರಿಸಿಕೊಳ್ಳುವುದನ್ನು, ವಿಜಯೋತ್ಸಾಹದ ನಡುವೆಯೂ ವಿರೋಧಿಸಿದರು. ತಾವು ಸಮಾಜವಾದಿ ಅಲ್ಲದಿದ್ದರೂ, ಸಮಾಜವಾದಿಗಳನ್ನು ಹತ್ತಿಕ್ಕಲು 1878ರಲ್ಲಿ ಬಿಸ್ಮಾರ್ಕ್ ತಂದ ಕಾಯಿದೆಯನ್ನು ಒಪ್ಪಲಿಲ್ಲ. ಬರೆದವರ ಹೆಸರು ಬಹಿರಂಗಪಡಿಸಲೊಪ್ಪದೆ ಅವರ ಸಂಪಾದಕರು ಸೆರೆಮನೆಗೂ ಹೋದರು.

ಗಮನಿಸಿ: ಅವರು ತಮ್ಮ ಸಮುದಾಯದ ಅಳಲನ್ನಷ್ಟೇ ತೋಡಿಕೊಳ್ಳಲಿಲ್ಲ, ಇತರರ ಹಕ್ಕಿಗಾಗಿಯೂ ನಿಂತರು. ಅಲ್ಪಸಂಖ್ಯಾತರಿಗೆ ಗೌರವ ದೊರೆಯುವ ದಾರಿ ಇದು. ಸುದ್ದಿಯನ್ನು ಪರಿಶೀಲಿಸಬೇಕೆಂದೂ, ಸ್ವಂತದವರ ವಿರುದ್ಧವಾದರೂ ನ್ಯಾಯಕ್ಕೆ ಸಾಕ್ಷಿಯಾಗಬೇಕೆಂದೂ ನಮಗೆ ಪವಿತ್ರ ಕುರ್‌ಆನ್ ಆಜ್ಞಾಪಿಸಿದೆ. ಈ ಆಜ್ಞೆಯನ್ನು ಜುಮಾ ಪ್ರವಚನದಲ್ಲಿ ಕೇಳಿ ಮರೆತರೆ ಸಾಕೇ?

1909ರಲ್ಲಿ ಸೊನ್ನೆಮಾನ್ ನಿಧನರಾದರು. ನಾಝಿಗಳು ಅಧಿಕಾರಕ್ಕೆ ಬಂದ ಬಳಿಕ ಅವರ ಮೊಮ್ಮಗ ಪತ್ರಿಕೆಯಿಂದ ಹೊರಹೋಗಬೇಕಾಯಿತು; 1943ರಲ್ಲಿ ಪತ್ರಿಕೆಯೇ ನಿಂತುಹೋಯಿತು. ದ್ವೇಷವು ಅಧಿಕಾರ ಹಿಡಿದಾಗ ಮೊದಲು ಮುಚ್ಚಿಸುವುದು ಸತ್ಯ ನುಡಿಯುವ ಬಾಯನ್ನೇ.

ನಮ್ಮ ನಾಡಿನಲ್ಲೂ ಮಾದರಿಗಳಿವೆ. ಉದ್ಯಮಿ ಕೆ.ಎನ್. ಗುರುಸ್ವಾಮಿಯವರು 1948ರಲ್ಲಿ ‘ಪ್ರಜಾವಾಣಿ’ ಆರಂಭಿಸಿದರು. 2003ರಲ್ಲಿ ಮಂಗಳೂರಿನಿಂದ ‘ವಾರ್ತಾಭಾರತಿ’ ದೈನಿಕ ಹೊರಬಂದಿತು. ಮದುವೆಯ ಶಾಮಿಯಾನ, ಔತಣಗಳಿಗೆ ಸಾಲ ಮಾಡಿಯಾದರೂ ಸುರಿಯುವ ನಾವು ಒಂದು ಕನ್ನಡ ಪತ್ರಿಕೆಯ ಚಂದಾ ಹಣಕ್ಕೆ ಹಿಂದೆಮುಂದೆ ನೋಡುತ್ತೇವೆ. ನೆರೆಯವರೊಂದಿಗೆ ನಾವು ಮಾತನಾಡಬೇಕಾದುದು ಕನ್ನಡದಲ್ಲಿ. ನಮ್ಮ ಕುರಿತಾದ ಸುಳ್ಳಿಗೆ ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕು.

ಆದ್ದರಿಂದ ಮನೆಗೊಂದು ಪತ್ರಿಕೆ, ಮೊಹಲ್ಲಾಕ್ಕೊಂದು ವಾಚನಾಲಯ, ಬರೆಯಬಲ್ಲ ಗಂಡು ಹೆಣ್ಣು ಮಕ್ಕಳಿಗೆ ಪ್ರೋತ್ಸಾಹ, ಇಷ್ಟನ್ನಾದರೂ ನಾವು ಸಂಕಲ್ಪಿಸೋಣ. ನಮ್ಮ ದುಡಿಮೆಯ ಒಂದು ಪಾಲು ಸತ್ಯದ ಸೇವೆಗೆ ಸಲ್ಲಲಿ. ಅಲ್ಲಾಹನು ನಮ್ಮನ್ನು ನ್ಯಾಯದ ಪಕ್ಷದಲ್ಲಿ ಸ್ಥಿರವಾಗಿರಿಸಲಿ. ಆಮೀನ್.